ಹಕ್ಕಿಯ ಹೆಸರಿನ ಕಾಯಿಲೆ

ಪ್ರತಿ ಭಾನುವಾರ ಹಾಸನದಲ್ಲಿರುವ ತಂಗಿಗೆ ಫೋನು ಮಾಡುವುದು ಹದಿನಾಲ್ಕು ವರ್ಷಗಳಿಂದ ತಪ್ಪದೆ ನಡೆದು ಬಂದಿದೆ. ಇಲ್ಲಿ ರೆಡಿಂಗ್‌ನಲ್ಲಿ ಮಧ್ಯಾಹ್ನ ಮೂರೂವರೆಯಾದರೆ ಅಲ್ಲಿ ರಾತ್ರಿ ಒಂಬತ್ತು. ಅವಳು ಊಟ ಮುಗಿಸಿ ಕೈ ತೊಳೆದು ಕೂತಿರುತ್ತಾಳೆ. ಕಳೆದ ಮಾರ್ಚಿಯ ಒಂದು ಭಾನುವಾರವೂ ಹಾಗೆಯೇ ಮಾತನಾಡಿದೆವು. "ಆರಾಮಾಗಿದ್ದೀಯಾ ಅಕ್ಕಾ?" ಎಂದಳು. "ಆರಾಮು ಕಣೇ" ಎಂದೆ. ಆಗ ನಾನು ಅಡುಗೆಮನೆಯಲ್ಲಿ ಕಟ್ಟೆಯನ್ನು ಹಿಡಿದು ನಿಂತಿದ್ದೆ. ಕೂರುವುದು ಸಾಧ್ಯವಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ದಿನವಾಗಿತ್ತು. ಅದರಲ್ಲಿ ಕೊನೆಯ ಐದು ದಿನಗಳಿಂದ, ಹೇಳಲು ಬಾಯಿ ಬಾರದ ಜಾಗದಲ್ಲಿ, ಹೇಳಲಾರದಂಥ ತುರಿಕೆ ಮತ್ತು ಉರಿ.

ಈ ಅಂಕಣದಲ್ಲಿ ವೀಸಾ, ಮನೆ ಬಾಡಿಗೆ, ಮಕ್ಕಳ ಶಾಲೆ, ಹಿಮ, ಯುಗಾದಿ ಎಲ್ಲವೂ ಬಂದುಹೋಗಿವೆ. ಇದು ಬಂದಿಲ್ಲ. ಬರಬೇಕೆಂದು ನನಗನ್ನಿಸಿದೆ. ಓದುವಾಗ ಮುಜುಗರವಾದವರು ದಯವಿಟ್ಟು ಸ್ವಲ್ಪ ಸಹಿಸಿಕೊಳ್ಳಬೇಕು. ಬರೆಯುವಾಗ ನನಗಾದ ಮುಜುಗರ ಅದಕ್ಕಿಂತ ಕಡಿಮೆಯದೇನಲ್ಲ.

ಕಾಯಿಲೆ ಹಳೆಯದು. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಮಲಾಶಯಗಳನ್ನು ಹೊತ್ತಿರುವ ಸ್ನಾಯುಗಳಿವೆ. ಹೆರಿಗೆ, ವಯಸ್ಸು, ವರ್ಷಗಟ್ಟಲೆಯ ಭಾರ, ಮಲಬದ್ಧತೆ, ಬಿಡದ ಕೆಮ್ಮು, ಇವುಗಳಿಂದ ಆ ಜೋಲಿ ಸಡಿಲಾಗುತ್ತದೆ. ಆಗ ಮೇಲಿನದು ಕೆಳಕ್ಕೆ ಇಳಿಯುತ್ತದೆ. ವೈದ್ಯರು ಪ್ರೊಲ್ಯಾಪ್ಸ್ ಎನ್ನುತ್ತಾರೆ. ನಮ್ಮ ಕಡೆ ಹೆಂಗಸರು 'ಗರ್ಭಕೋಶ ಜಾರಿದೆ' ಎಂದು, ಅದೂ ಗಂಡಸರಿಲ್ಲದ ಹೊತ್ತು ನೋಡಿ, ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ಅರಸೀಕೆರೆಯ ತೋಟದ ಮನೆಯಲ್ಲಿದ್ದ ನಮ್ಮ ಅಜ್ಜಿ ಏಳು ಮಕ್ಕಳನ್ನು ಹೆತ್ತವಳು, ತಲೆಯ ಮೇಲೆ ತೆಂಗಿನಕಾಯಿಯ ಕುಕ್ಕೆ ಹೊತ್ತವಳು. ಕಡೆಗಾಲದಲ್ಲಿ ನಾಲ್ಕು ಹೆಜ್ಜೆ ನಡೆದರೆ ನಿಂತು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಡೆಯುತ್ತಿದ್ದಳು. ಮೊಮ್ಮಕ್ಕಳಾದ ನಾವು ಅದನ್ನು ಅನುಕರಿಸಿ ನಗುತ್ತಿದ್ದೆವು. ಅವಳಿಗೆ ಏನಾಗಿತ್ತೆಂಬುದು ನನಗೆ ತಿಳಿದದ್ದು ಅರವತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಒಂದು ಆಸ್ಪತ್ರೆಯ ಪರೀಕ್ಷಾ ಮಂಚದ ಮೇಲೆ ಮಲಗಿದ್ದಾಗ.

ಮೊದಲು ಹದಿನಾರು ವಾರ ವ್ಯಾಯಾಮ ಮಾಡಿಸಿದರು. ಆಮೇಲೆ ಬಳೆಯಂಥ ಒಂದು ಆಧಾರವನ್ನು ಒಳಗಿಟ್ಟು ನೋಡಿದರು. ಅನೇಕ ಹೆಂಗಸರಿಗೆ ಇಷ್ಟರಲ್ಲೇ ಗುಣವಾಗುತ್ತದೆಯಂತೆ, ನನಗಾಗಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆ. ಕೃತಕ ಜಾಲರಿ ಹಾಕುತ್ತೀರಾ ಎಂದು ಕೇಳಿದೆ. ಇಲ್ಲ, ನಿಮ್ಮದೇ ಅಂಗಾಂಶವನ್ನು ಬಿಗಿಮಾಡಿ, ತಾನಾಗಿ ಕರಗುವ ದಾರದಿಂದ ಹೊಲಿಯುತ್ತೇವೆ ಎಂದರು. ಈ ಜಾಲರಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಜಾಲರಿ ಹಾಕಿಸಿಕೊಂಡ ಎಷ್ಟೋ ಹೆಂಗಸರು ನೋವು, ನೋವು ಎಂದು ವರ್ಷಗಟ್ಟಲೆ ಹೇಳಿಕೊಂಡರೂ ವೈದ್ಯಲೋಕ ಕಿವಿಗೊಡಲಿಲ್ಲ. 2018ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಅದರ ಬಳಕೆಗೆ ತಡೆ ಬಿತ್ತು. 2020ರ ಜುಲೈನಲ್ಲಿ ಬ್ಯಾರೊನೆಸ್ ಕಂಬರ್ಲೆಜ್ ಅವರ ವರದಿ ಹೊರಬಂದು, ಆ ಹೆಂಗಸರ ಮಾತನ್ನು ಕೇಳಿಸಿಕೊಳ್ಳದಿದ್ದುದೇ ದೊಡ್ಡ ತಪ್ಪೆಂದು ದಾಖಲಿಸಿತು. ಅವರು ಬಾಯಿಬಿಟ್ಟದ್ದರಿಂದ, ಬಿಡುತ್ತಲೇ ಇದ್ದುದರಿಂದ, ನನ್ನಂಥವಳ ಮೈಗೆ ಬೇರೆ ಬಗೆಯ ಹೊಲಿಗೆ ಬಿತ್ತು. ಅದನ್ನು ತಿಳಿದಿದ್ದೂ ನಾನು ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂಬುದು ಈ ಬರಹಕ್ಕೆ ಕಾರಣ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಒಂದು ರಾತ್ರಿ ಇರಿಸಿಕೊಂಡು, ಮರುದಿನ ಮೂತ್ರದ ನಳಿಕೆ ತೆಗೆದು ಮನೆಗೆ ಕಳುಹಿಸಿದರು. ಆರು ವಾರ ಭಾರ ಎತ್ತಬಾರದು, ಮುಕ್ಕಿರಿಯಬಾರದು, ಒಳಗೆ ಏನನ್ನೂ ಇಡಬಾರದು. ಬಾಣಂತನವೆಂದರೆ ಇದೇ ಅಲ್ಲವೇ ಎನ್ನಿಸಿತು. ಮಗ ಹುಟ್ಟಿದಾಗ ಅಮ್ಮ ಮೂರು ತಿಂಗಳು ನನ್ನನ್ನು ಕೋಣೆಯಿಂದ ಹೊರಗೆ ಬಿಟ್ಟಿರಲಿಲ್ಲ. ಅರವತ್ತೊಂದರ ಹೆಂಗಸಿಗೆ ಬಾಣಂತನ ಮಾಡುವವರು ಯಾರು? ನಮ್ಮ ಯಜಮಾನರು ಮಾಡಿದರು. ಕುಕ್ಕರಿನಲ್ಲಿ ಅನ್ನ ಇಡುವುದನ್ನು ಆ ವಯಸ್ಸಿನಲ್ಲಿ ಕಲಿತರು, ಸಾರಿಗೆ ಹುಳಿ ಹೆಚ್ಚು ಮಾಡಿದರು, ಹೆರಳನ್ನೂ ಹಾಕಲು ನೋಡಿದರು. ಆದರೆ ಅಮ್ಮನಿಗೆ ಹೇಳಬಹುದಾದದ್ದನ್ನೆಲ್ಲ ಅವರಿಗೆ ಹೇಳಲಾಗಲಿಲ್ಲ. ಮೂವತ್ತೈದು ವರ್ಷಗಳ ದಾಂಪತ್ಯಕ್ಕೂ ಕೆಲವು ಪದಗಳು ಒದಗಿಬರುವುದಿಲ್ಲ.

ಮೊದಲ ವಾರ ಮುಗಿಯುವ ಮುನ್ನವೇ ಮೂತ್ರದಲ್ಲಿ ಸೋಂಕು ಕಾಣಿಸಿಕೊಂಡಿತು. ನಳಿಕೆ ಹಾಕಿದವರಲ್ಲಿ ಇದು ಅಪರೂಪವಲ್ಲ. ಒಂದು ವಾರ ಆ್ಯಂಟಿಬಯೋಟಿಕ್ ಕೊಟ್ಟರು, ಆ ಸೋಂಕು ಹೋಯಿತು. ಹೋಗುವಾಗ ಇನ್ನೊಂದನ್ನು ಕರೆದು ಕೂರಿಸಿ ಹೋಯಿತು. ನಮ್ಮ ಮೈಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಒಟ್ಟಿಗೇ ವಾಸಿಸುತ್ತವೆ. ಅವು ಇದನ್ನು ಹದ್ದಿನಲ್ಲಿ ಇಟ್ಟಿರುತ್ತವೆ. ಆ್ಯಂಟಿಬಯೋಟಿಕ್ ಬಂದು ಕಾವಲುಗಾರರನ್ನೂ ಕೊಂದರೆ ಶಿಲೀಂಧ್ರಕ್ಕೆ ಹಬ್ಬ. ಜೊತೆಗೆ ನನಗೆ ಸಕ್ಕರೆ ಕಾಯಿಲೆಯಿದೆ. ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳುಹಿಸುವ ಡಪಾಗ್ಲಿಫ್ಲೋಝಿನ್ ಎಂಬ ಮಾತ್ರೆಯನ್ನು ನುಂಗುತ್ತೇನೆ. ಊರಿನಲ್ಲಿ ಈಗ ಎಷ್ಟೋ ಜನ ನುಂಗುತ್ತಿರುವ ಮಾತ್ರೆಯೇ ಅದು. ಆ ಸಕ್ಕರೆ ಹೊರಹೋಗುವ ದಾರಿಯಲ್ಲಿ ಶಿಲೀಂಧ್ರಕ್ಕೆ ಊಟವಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಆಸ್ಪತ್ರೆಯವರು ಕೊಟ್ಟ ಕರಪತ್ರದಲ್ಲಿ, ಹೊಲಿಗೆ ಕರಗುವಾಗ ನಾಲ್ಕಾರು ವಾರ ಕೆನೆಬಣ್ಣದ ಸ್ರಾವ ಹೋಗುವುದು ಸಹಜ ಎಂದು ಬರೆದಿತ್ತು. ಆ ಒಂದು ವಾಕ್ಯವನ್ನೇ ಹಿಡಿದುಕೊಂಡು ಕಾದೆ. ತುರಿಕೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲದಿದ್ದುದನ್ನು ಬೇಕೆಂದೇ ಗಮನಿಸಲಿಲ್ಲ. ಮೊಸರು ಒಡೆದಂತೆ ಗಟ್ಟಿಯಾದ ಬಿಳಿ ಸೆರಗು ಕಂಡಾಗಲೂ ಸಹಜವೆಂದೇ ಹೇಳಿಕೊಂಡೆ. ರಾತ್ರಿ ಮಾತ್ರ ಹೆದರಿಕೆ. ಒಳಗಿನ ಹೊಲಿಗೆ ಬಿಟ್ಟುಹೋಗಿದೆ, ಮತ್ತೆ ಕೊಯ್ಯುತ್ತಾರೆ, ಎಲ್ಲ ಮೊದಲಿನಿಂದ. ತುರಿಸಿದರೆ ಹೊಲಿಗೆಗೆ ಕೇಡೆಂದು ಕೈಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಆ ಭಾನುವಾರ ರಾತ್ರಿ, ತಂಗಿಗೆ 'ಆರಾಮು' ಎಂದು ಹೇಳಿದ ಕೆಲವು ಗಂಟೆಗಳ ಮೇಲೆ, ತಡೆಯಲಾರದೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು 111ಕ್ಕೆ ಫೋನು ಮಾಡಿದೆ. ಎನ್‌ಎಚ್‌ಎಸ್‌ನ ಈ ಸಂಖ್ಯೆ ಹಗಲೂ ರಾತ್ರಿಯೂ ಉಚಿತ. ಜ್ವರವಿದೆಯೇ, ರಕ್ತ ಹೋಗುತ್ತಿದೆಯೇ, ದುರ್ವಾಸನೆಯಿದೆಯೇ ಎಂದು ನರ್ಸು ಒಂದೊಂದಾಗಿ ಕೇಳಿದಳು. ಇವುಗಳಲ್ಲಿ ಯಾವುದೊಂದಿದ್ದರೂ ಗಾಯದ ಸೋಂಕೆಂದು ಶಂಕಿಸಿ ತಕ್ಷಣ ಆಸ್ಪತ್ರೆಗೆ ಬರಬೇಕಂತೆ. ಯಾವುದೂ ಇಲ್ಲವೆಂದೆ. "ಹಾಗಾದರೆ ಥ್ರಶ್ ಇರಬಹುದು, ಆದರೆ ಹೊಸ ಹೊಲಿಗೆ ಇರುವುದರಿಂದ ಬೆಳಿಗ್ಗೆ ನಿಮ್ಮ ಜಿಪಿಗೆ ತೋರಿಸಿ" ಎಂದಳು. ನನಗೆ ಗೊತ್ತಿದ್ದ ಥ್ರಶ್ ನಮ್ಮ ಹಿತ್ತಲಿಗೆ ಬರುವ ಹಕ್ಕಿ. ಎದೆಯ ಮೇಲೆ ಚುಕ್ಕೆಗಳು, ಬಸವನಹುಳುವನ್ನು ಕಲ್ಲಿಗೆ ಕುಟ್ಟಿ ಒಡೆದು ತಿನ್ನುತ್ತದೆ, ಹಾಡು ಬಹಳ ಚೆಂದ. ಇಂಗ್ಲಿಷರು ಈ ಕಾಯಿಲೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆಂದು ಹದಿನಾಲ್ಕು ವರ್ಷ ಇಲ್ಲಿದ್ದೂ ತಿಳಿದಿರಲಿಲ್ಲ. ಕನ್ನಡ ಉಪನ್ಯಾಸಕಿಯಾಗಿದ್ದವಳು ನಾನು. ಎರಡು ಭಾಷೆಯಲ್ಲೂ ನನ್ನ ಮೈಗೆ ಪದವಿರಲಿಲ್ಲ.

ಬೆಳಿಗ್ಗೆ ಜಿಪಿಗೆ ಹೋಗದೆ ಔಷಧಿ ಅಂಗಡಿಗೆ ಹೋದೆ. ಇದೂ ಸಂಕೋಚದ ಉಪಾಯವೇ. ಒಂದು ಮಾತ್ರೆ ಕೊಂಡು ನುಂಗಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲವಲ್ಲ. ಫಾರ್ಮಸಿಸ್ಟ್ ನನ್ನ ಮಗನ ವಯಸ್ಸಿನ, ನಮ್ಮ ಕಡೆಯ ಚರ್ಯೆಯ ಹುಡುಗ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವನು ಮಾತ್ರ ಏನೂ ಆಗದವನಂತೆ ಪಕ್ಕದ ಚಿಕ್ಕ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ವಯಸ್ಸು ಕೇಳಿದ. ಅರವತ್ತೊಂದು. ಅಲ್ಲಿಗೇ ಮುಗಿಯಿತು. ಫ್ಲುಕೊನಝೋಲ್ ಎಂಬ ಆ ಗುಳಿಗೆಯನ್ನು ಚೀಟಿಯಿಲ್ಲದೆ ಮಾರುವುದು ಹದಿನಾರರಿಂದ ಅರವತ್ತರವರೆಗಿನವರಿಗೆ ಮಾತ್ರ. ಅದರ ಮೇಲೆ ಸಕ್ಕರೆ ಕಾಯಿಲೆ, ಮೂರು ವಾರದ ಹೊಲಿಗೆ, ಕೊಲೆಸ್ಟರಾಲ್ ಮಾತ್ರೆ. ಕೆಲವು ಕೊಲೆಸ್ಟರಾಲ್ ಮಾತ್ರೆಗಳಿಗೂ ರಕ್ತ ತೆಳುವಾಗಿಸುವ ವಾರ್ಫರಿನ್‌ಗೂ ಈ ಗುಳಿಗೆಗೂ ಆಗಿಬರುವುದಿಲ್ಲವೆಂದು ಅವನೇ ವಿವರಿಸಿದ. ಒಳಗಿಡುವ ಗುಳಿಗೆಯೂ ಬೇಡ, ಹೊಲಿಗೆಯಿದೆ ಎಂದ. ಊರಿನಲ್ಲಾಗಿದ್ದರೆ ಅಂಗಡಿಯವನು ಹಾಳೆಯಲ್ಲಿ ಸುತ್ತಿ ಕೊಟ್ಟುಬಿಡುತ್ತಿದ್ದ, ಇದೆಂಥ ದೇಶ ಎಂದು ದಾರಿಯುದ್ದಕ್ಕೂ ಗೊಣಗಿದೆ. ಈಗ ಯೋಚಿಸಿದರೆ ಆ ಹುಡುಗ ಕೇಳಿದ ನಾಲ್ಕು ಪ್ರಶ್ನೆಗಳಿಗೆ ನಾನು ಋಣಿ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಜಿಪಿ ಕಚೇರಿಗೆ ಫೋನು. ಇಪ್ಪತ್ತು ನಿಮಿಷ ಸಾಲಿನಲ್ಲಿ ಕಾದ ಮೇಲೆ ಸ್ವಾಗತಕಾರಿಣಿ, ಏನು ತೊಂದರೆ ಎಂದಳು. ಪಕ್ಕದ ಕೋಣೆಯಲ್ಲಿ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. "ವೈಯಕ್ತಿಕ ವಿಷಯ" ಎಂದೆ. ತುರ್ತೇ ಎಂದಳು. "ಅಷ್ಟೇನಿಲ್ಲ" ಎಂದೆ! ಮುಂದಿನ ವಾರ ವೈದ್ಯರು ಫೋನು ಮಾಡುತ್ತಾರೆ ಎಂದಳು. ಅವಳ ತಪ್ಪೇನಿದೆ? ನಾನು ಕೊಟ್ಟ ಉತ್ತರಕ್ಕೆ ಸಿಗಬೇಕಾದ ದಿನವೇ ಸಿಕ್ಕಿತು. ಮಗ ಬಾಗಿಲಲ್ಲಿ ಬಂದು ನಿಂತು, "ಏನಮ್ಮಾ, ನಾನು ಮಾತಾಡಲಾ?" ಎಂದ. ಬೇಡ ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಆ ರಾತ್ರಿ ಒಂದು ಹಾಳೆಯ ಮೇಲೆ ಬರೆದೆ. ಮೂರು ವಾರದ ಹಿಂದೆ ಯಾವ ಶಸ್ತ್ರಚಿಕಿತ್ಸೆ, ಯಾವ ಆ್ಯಂಟಿಬಯೋಟಿಕ್ ಎಷ್ಟು ದಿನ, ಸಕ್ಕರೆಗೆ ಯಾವ ಮಾತ್ರೆ, ಯೋನಿಯಲ್ಲಿ ತುರಿಕೆ ಎಷ್ಟು ದಿನದಿಂದ, ಸ್ರಾವ ಹೇಗಿದೆ. ಆ ಪದವನ್ನು ಬರೆಯುವಾಗ ಕೈ ತಡೆಯಿತು. ಬುಧವಾರ ಎಂಟಕ್ಕೆ ಅದನ್ನೇ ಇಂಗ್ಲಿಷಿನಲ್ಲಿ ಓದಿದೆ, ಪಾಠ ಒಪ್ಪಿಸಿದಂತೆ. ಹನ್ನೊಂದೂವರೆಗೆ ಬನ್ನಿ ಎಂದರು. ಅಂದೇ! ಹೆಣ್ಣು ನೋಡಬಹುದೇ ಎಂದು ಕೇಳಿದೆ, ಒಪ್ಪಿದರು. ಪರೀಕ್ಷೆ ಮಾಡಿದ ನರ್ಸು ಮೊದಲು ಹೇಳಿದ್ದೇ, ಹೊಲಿಗೆಯೆಲ್ಲ ಭದ್ರವಾಗಿದೆ ಎಂದು. ನಾನು ಅತ್ತೆ. ಸ್ರಾವದ ಮಾದರಿ ತೆಗೆದುಕೊಂಡರು. ವೈದ್ಯರು ಆಸ್ಪತ್ರೆಯ ವಿಭಾಗಕ್ಕೆ ಕರೆಮಾಡಿ ವಿಚಾರಿಸಿ, ಕೊಲೆಸ್ಟರಾಲ್ ಮಾತ್ರೆಯ ಬಗ್ಗೆ ಏನು ಮಾಡಬೇಕೆಂದು ಹೇಳಿ, 150 ಮಿಲಿಗ್ರಾಂನ ಒಂದೇ ಒಂದು ಗುಳಿಗೆಯನ್ನೂ ಹೊರಗೆ ಸವರಲು ಕ್ಲೋಟ್ರಿಮಝೋಲ್ ಮುಲಾಮನ್ನೂ ಬರೆದರು. ಇಂಗ್ಲೆಂಡಿನಲ್ಲಿ ಅರವತ್ತು ದಾಟಿದವರಿಗೆ ಚೀಟಿಯ ಔಷಧಿ ಉಚಿತ. ದುಡ್ಡು ಕೊಡುತ್ತೇನೆಂದರೂ ಸೋಮವಾರ ಸಿಗದ ಗುಳಿಗೆ, ಬುಧವಾರ ಅದೇ ಹುಡುಗನ ಕೈಯಿಂದ ಪುಕ್ಕಟೆಯಾಗಿ ಸಿಕ್ಕಿತು. ಮೂರು ದಿನಕ್ಕೆ ಉರಿ ಇಳಿಯಿತು, ವಾರಕ್ಕೆ ಪೂರ್ತಿ ಹೋಯಿತು. ಸಕ್ಕರೆಯ ಮಾತ್ರೆಯನ್ನು ಬದಲಿಸಬೇಕೇ ಎಂಬ ವಿಚಾರವನ್ನು ವೈದ್ಯರೇ ಎತ್ತಿಕೊಂಡರು. ಅದನ್ನು ನಾವಾಗಿ ನಿಲ್ಲಿಸುವಂತಿಲ್ಲ.

ಇಷ್ಟೇ ಕಥೆ. ಒಂದು ಗುಳಿಗೆಯ ಕಾಯಿಲೆ. ಅದಕ್ಕೆ ಎಂಟು ದಿನ ಹಿಡಿದದ್ದು ಯಾಕೆ? ಪರದೇಶದ ವ್ಯವಸ್ಥೆಯನ್ನು ಬೈಯುವುದು ನಮಗೆ ಸುಲಭ. ಫೋನಿನ ಸಾಲು, ತಿಂಗಳುಗಟ್ಟಲೆ ಕಾಯುವುದು, ಅದೆಲ್ಲ ನಿಜವೂ ಹೌದು. ಆದರೆ ಆ ಎಂಟು ದಿನಗಳಲ್ಲಿ ಆರೇಳು ದಿನಗಳನ್ನು ನಾನೇ ಕಳೆದವಳು. ಈ ಸಂಕೋಚವನ್ನು ನಾವು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತೇವೆ. ಸಾಂಬಾರು ಪುಡಿ ಮುಗಿದರೂ ಅದು ಮುಗಿಯುವುದಿಲ್ಲ.

ಇಲ್ಲಿಗೆ ಹೊರಡಲು ಸಿದ್ಧರಾಗುತ್ತಿರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೆಲಸದ ವೀಸಾದ ಮೇಲೆ ಬರುವ ಬಹುತೇಕರು ಆರೋಗ್ಯ ಶುಲ್ಕವೆಂದು ವರ್ಷಕ್ಕೆ 1,035 ಪೌಂಡುಗಳನ್ನು ಮುಂಗಡವಾಗಿ ತೆರುತ್ತಾರೆ. 2024ರ ಫೆಬ್ರವರಿಯಿಂದ ದರ ಇಷ್ಟಿದೆ. ಹೆಂಡತಿಗೂ ಅಷ್ಟೇ ತೆರುತ್ತಾರೆ. ಐದು ವರ್ಷಕ್ಕೆ ಐದು ಸಾವಿರ ದಾಟುತ್ತದೆ. ಇಷ್ಟು ತೆತ್ತ ಮೇಲೆ, ಆ ಹೆಣ್ಣುಮಗಳು ಜಿಪಿ ಕಚೇರಿಯ ಫೋನಿನಲ್ಲಿ 'ವೈಯಕ್ತಿಕ' ಎಂದು ಹೇಳಿ ಒಂದು ವಾರ ಹಿಂದೆ ಬೀಳುವುದು ಯಾವ ನ್ಯಾಯ? ಐಇಎಲ್‌ಟಿಎಸ್‌ಗೆಂದು ಸಾವಿರ ಪದ ಕಲಿಯುವವರು ತಮ್ಮ ದೇಹದ ಹತ್ತು ಪದಗಳನ್ನೂ ಕಲಿತು ಬರಲಿ. ಗಂಡಂದಿರೂ ಕಲಿತರೆ ತಪ್ಪೇನಿಲ್ಲ.

ಊರಿನಲ್ಲಿರುವ ಬಂಧುಗಳಿಗೆ ಹೇಳುವುದು ಇದಕ್ಕಿಂತ ಕಷ್ಟ. ಮಗಳ, ಸೊಸೆಯ ಬಾಣಂತನಕ್ಕೆಂದು ಅರವತ್ತರ ಆಸುಪಾಸಿನ ಅಮ್ಮಂದಿರು ಆರು ತಿಂಗಳ ವೀಸಾ ಪಡೆದು ಇಲ್ಲಿಗೆ ಬರುತ್ತಾರೆ. ಮಗುವನ್ನು ಎತ್ತುತ್ತಾರೆ, ನೀರು ತುಂಬಿದ ಪಾತ್ರೆ ಎತ್ತುತ್ತಾರೆ, ಮಗುವಿನ ಗಾಡಿಯನ್ನು ಮೆಟ್ಟಿಲ ಮೇಲೆ ಹತ್ತಿಸುತ್ತಾರೆ. ಅವರಲ್ಲಿ ಕೆಲವರಿಗೆ ಈ ಜಾರುವಿಕೆ ಮೊದಲೇ ಇರುತ್ತದೆ. ಹೇಳಿದರೆ ಎಲ್ಲಿ ಟಿಕೆಟ್ ರದ್ದಾಗುವುದೋ ಎಂದು ಮುಚ್ಚಿಟ್ಟು ವಿಮಾನ ಹತ್ತುತ್ತಾರೆ. ಪ್ರವಾಸಿಗಳಾಗಿ ಬಂದವರೂ ಇಂಗ್ಲೆಂಡಿನಲ್ಲಿ ಜಿಪಿಯನ್ನು ಉಚಿತವಾಗಿ ಕಾಣಬಹುದು. ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ ನಿಗದಿತ ದರದ ಒಂದೂವರೆ ಪಟ್ಟು ತೆರಬೇಕು. ಮುಚ್ಚಿಟ್ಟ ಹಳೆಯ ಕಾಯಿಲೆಗೆ ಪ್ರವಾಸದ ವಿಮೆ ಸಾಮಾನ್ಯವಾಗಿ ಕೈಹಿಡಿಯುವುದಿಲ್ಲ. ಹೊರಡುವ ಮುನ್ನ ಹಾಸನದಲ್ಲೋ ದಾವಣಗೆರೆಯಲ್ಲೋ ಒಬ್ಬ ಸ್ತ್ರೀರೋಗ ತಜ್ಞೆಗೆ ತೋರಿಸಿ ಬರುವುದು ಎಷ್ಟು ಹಗುರದ ಕೆಲಸ!

ಇನ್ನೊಂದು ಸಂಗತಿ ಬಿಟ್ಟರೆ ನನಗೆ ಸಮಾಧಾನವಿರದು. ನನ್ನ ಸ್ನೇಹಿತೆಯೊಬ್ಬಳ ಅತ್ತೆಯವರನ್ನು ಅವರ ಮಗನೇ ವೈದ್ಯರ ಬಳಿಗೆ ಕರೆದೊಯ್ದ, ಇಂಗ್ಲಿಷ್ ಬಾರದೆಂದು ತಾನೇ ದುಭಾಷಿಯಾದ. ಏನಾಗುತ್ತಿದೆ ಎಂದು ವೈದ್ಯರು ಕೇಳಿದರೆ ಆ ತಾಯಿ ಮಗನ ಮುಖ ನೋಡಿ, "ಮಂಡಿ ನೋವು" ಎಂದರು. ಮಗ ಮಂಡಿ ನೋವು ಎಂದೇ ಅನುವಾದಿಸಿದ. ಮಂಡಿಗೆ ಮುಲಾಮು ಹಿಡಿದು ಮನೆಗೆ ಬಂದರು. ಎನ್‌ಎಚ್‌ಎಸ್‌ನಲ್ಲಿ ಹೊರಗಿನ ದುಭಾಷಿಯನ್ನು, ಹೆಣ್ಣು ದುಭಾಷಿಯೇ ಬೇಕೆಂದೂ, ಮುಂಚಿತವಾಗಿ ಕೇಳಿಕೊಳ್ಳಬಹುದು. ಅದಕ್ಕೆ ಹಣವಿಲ್ಲ. ಪರೀಕ್ಷೆಯ ಹೊತ್ತಿಗೆ ಜೊತೆಯಲ್ಲಿ ಇನ್ನೊಬ್ಬ ಹೆಣ್ಣು ಸಿಬ್ಬಂದಿ ಇರಲಿ ಎಂದೂ ಕೇಳಬಹುದು. ಗಂಡುಮಕ್ಕಳೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ಆ ಕೋಣೆಯಲ್ಲಿ ಕೆಲವೊಮ್ಮೆ ನೀವು ಹೊರಗಿರುವುದೇ ಸೇವೆ.

ಮುಂದಿನ ಭಾನುವಾರ ತಂಗಿಗೆ ಎಲ್ಲ ಹೇಳಿದೆ. ಪದ ತಡೆದಲ್ಲಿ ತಡೆದು, ಆದರೂ ಹೇಳಿದೆ. "ಅಯ್ಯೋ, ಉಷ್ಣ ಆಗಿರುತ್ತೆ ಕಣಕ್ಕಾ, ಮೆಂತ್ಯ ನೆನೆಸಿ ನೀರು ಕುಡಿ, ಬೇವಿನಸೊಪ್ಪು ಕುದಿಸಿ ತೊಳ್ಕೋ" ಎಂದಳು. ಮೆಂತ್ಯದ ನೀರು ಕುಡಿಯುತ್ತೇನೆ, ಆದರೆ ಹೊಲಿಗೆಯಿರುವ ಜಾಗಕ್ಕೆ ಬೇವಾಗಲಿ ಅರಿಶಿನವಾಗಲಿ ಮೊಸರಾಗಲಿ ಸುವಾಸನೆಯ ಸೋಪಾಗಲಿ ಬೇಡವೆಂದಿದ್ದಾರೆ, ಬರೀ ನೀರು ಸಾಕಂತೆ ಎಂದೆ. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದುದು ನೆನಪಿದೆಯಾ ಎಂದು ಕೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಫೋನು ಕಡಿದುಹೋಯಿತೆಂದುಕೊಂಡೆ. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅಕ್ಕಾ, ನನಗೂ ಎರಡು ವರ್ಷದಿಂದ ಏನೋ ಕೆಳಗಡೆ ಇಳಿದ ಹಾಗೆ ಆಗ್ತಿದೆ. ಯಾರಿಗೂ ಹೇಳಿಲ್ಲ."

ಅಂದು ನಾವು ಒಂದೂವರೆ ಗಂಟೆ ಮಾತನಾಡಿದೆವು. ಹಾಸನದಲ್ಲಿ ಗುರುವಾರಕ್ಕೆ ವೈದ್ಯರ ಬಳಿ ಹೆಸರು ಬರೆಸಿದ್ದಾಳೆ. ನಾನು ಬರೆದುಕೊಂಡ ಹಾಳೆಯಂಥದೇ ಒಂದನ್ನು ಅವಳೂ ಬರೆದು, ವಾಟ್ಸ್ಯಾಪಿನಲ್ಲಿ ಚಿತ್ರ ತೆಗೆದು ಕಳುಹಿಸಿದಳು, ಸರಿಯಿದೆಯೇ ನೋಡು ಎಂದು. ಒಂದು ಕಡೆ ಪದ ಬರೆಯಲಾಗದೆ ಚುಕ್ಕೆಗಳನ್ನಿಟ್ಟಿದ್ದಳು. ಅದನ್ನು ತುಂಬಿ ವಾಪಸು ಕಳುಹಿಸಿದೆ.